ಎಡಗಂಬ, ಬಲಗಂಬ

ಎಲ್ರಿಕೊ, ಡ್ರಿಲ್ ಕೆಳಗಿಡು.
ಚಾವಣಿಗೆ ತೂತು ಕೊರೆಯುವುದು ಸುಲಭ,
ಸುಲಭವಾದದ್ದೆಲ್ಲ ಮೂರನೇ ಮಳೆಗೆ ಸೋರುತ್ತದೆ.
ಕಮಾನ್ಯಾಬಿನಲ್ಲಿ ಮಳೆ ಎಲ್ಲಿ ಅಂತೀಯಾ?
ಬರುತ್ತದೆ. ತೂತಿರುವ ಗಾಡಿಯನ್ನು ಹುಡುಕಿಕೊಂಡು ಬರುತ್ತದೆ.

ಮೊದಲು ಕಂಬದ ಹೊದಿಕೆ ಬಿಚ್ಚು.
ಬಾಗಿಲಿನ ರಬ್ಬರನ್ನು ಉಗುರಿನಿಂದ ಎಬ್ಬಿಸು,
ಮಲಗಿದ ಮಗುವಿನ ಕೈಕೆಳಗಿಂದ ಚಾದರ ಎಳೆದ ಹಾಗೆ.
ಕ್ಲಿಪ್ಪು ಮುರಿದರೆ ವಿಂಡ್‌ಹುಕ್‌ನಿಂದ ತರಿಸಬೇಕು,
ಹತ್ತಿರಹತ್ತಿರ ಐನೂರು ಕಿಲೋಮೀಟರು
ಒಂದು ಬೆರಳುಗಾತ್ರದ ಪ್ಲಾಸ್ಟಿಕ್ಕಿಗೆ.

ನೋಡು ಒಳಗೆ: ಹದಿನೇಳು ವರ್ಷದ ಧೂಳು,
ಒಂದು ಜೇಡ, ಅರ್ಧ ಬಿಸ್ಕತ್ತು, ಯಾರದೋ ಕಿವಿಯೋಲೆ.
ಕವೆತೂನನನ್ನು ಕೇಳಬೇಡ.

ದೀಪದ ತಂತಿ ಕೆಂಪು, ದಪ್ಪ. ಅದರ ಫ್ಯೂಸು
ಬ್ಯಾಟರಿಯಿಂದ ಗೇಣಿಗಿಂತ ಆಚೆ ಬೇಡ.
ಆಂಟೆನಾದ ಕೇಬಲ್ಲು ಕಪ್ಪು, ಮಡಿಸಿದರೆ ಮುನಿಯುತ್ತದೆ,
ತಿರುವಿನಲ್ಲಿ ಮುಷ್ಟಿಯಷ್ಟು ದುಂಡಗೆ ಬಿಡು.
ಎರಡನ್ನೂ ಒಂದೇ ಕೊಳವೆಗೆ ತುರುಕಬೇಡ.

ಇಲ್ಲಿ ಸ್ವಲ್ಪ ನಿಲ್ಲು. ಇದನ್ನು ಹೇಳಬೇಕು.

ಹೋದ ಸಲ ಈ ಗಾಡಿಗೆ ತಂತಿ ಎಳೆದವಳು ನಾನೇ.
ಎರಡನ್ನೂ ಜೋಡಿಸಿ, ಅಂಗೈ ಅಗಲಕ್ಕೊಂದು ಪಟ್ಟಿ ಬಿಗಿದು,
ಪಟ್ಟಿಯ ಬಾಲಗಳನ್ನು ಬ್ಲೇಡಿನಿಂದ ನುಣ್ಣಗೆ ಕತ್ತರಿಸಿ,
ಜಡೆ ಹೆಣೆದ ಹಾಗೆ ಎಡಗಂಬದೊಳಗೆ ಏರಿಸಿದ್ದೆ.
ಹೊದಿಕೆ ಮುಚ್ಚುವ ಮುಂಚೆ ಫೋಟೋ ತೆಗೆದೆ.
ಇನಾನಿಯ ಕೆಲಸ ಅಂದರೆ ಇದು ಅಂತ
ಪೆಟ್ರೋಲ್ ಹಾಕಿಸಲು ಬಂದವರಿಗೂ ತೋರಿಸಿದೆ.

ಕವೆತೂನ ಸಿಂಹಗಳ ಹಿಂದೆ ಅಲೆಯುವವನು.
ಸಿಂಹಿಣಿಯ ಕೊರಳಪಟ್ಟಿ ಕತ್ತಲಲ್ಲಿ ಟಿಕ್ ಅನ್ನುತ್ತದೆ,
ಚಾವಣಿ ಕೇಳಿಸಿಕೊಳ್ಳುತ್ತದೆ,
ಅವನು ಹಟ್ಟಿಹಟ್ಟಿಗೆ ಹೋಗಿ ಎಬ್ಬಿಸುತ್ತಾನೆ:
ಬೆಂಕಿ ಹೆಚ್ಚಿಸಿ, ಕತ್ತೆಗಳನ್ನು ಒಳಗೆ ಕಟ್ಟಿ.

ಆ ರಾತ್ರಿ ದಾರಿ ಕಾಣದೆ ಮೇಲಿನ ದೀಪ ಹಾಕಿದ.
ಹೊಯಾನಿಬ್ ನದಿಯ ಒಣಮರಳೆಲ್ಲ ಪಟ್ಟಹಗಲು.
ದೀಪದ ತಂತಿಯ ಗುಂಗು ಪಕ್ಕದ ತಂತಿಗೆ ಹತ್ತಿ
ಆ ಟಿಕ್ ಅನ್ನು ನುಂಗಿಹಾಕಿತು.
ಬರೀ ಜೀರ್ ಎಂಬ ಸದ್ದು.
ದೂರ ಹೋಗಿರಬೇಕು ಅಂದುಕೊಂಡ.
ಅವಳು ಆಲ್ಬೆರ್ತಿನಜ್ಜಿಯ ಮುಳ್ಳುಬೇಲಿಯ ಒಳಗಿದ್ದಳು.

ಹನ್ನೊಂದು ಆಡು. ಒಂದು ಕತ್ತೆ.
ಕತ್ತೆಗೆ ಹೆಸರಿತ್ತು, ಮಾಂದಾಖ್,
ಸೋಮವಾರ ಹುಟ್ಟಿದ್ದಂತೆ.

ಯಾರೂ ನನ್ನನ್ನು ಬೈಯಲಿಲ್ಲ.
ರೇಡಿಯೋ ಹಳೆಯದು ಅಂದರು, ಗುಡ್ಡ ಅಡ್ಡ ಬಂತು ಅಂದರು.
ನಾನು ಗ್ಯಾರೇಜಿನ ಬಾಗಿಲೆಳೆದು
ಮೇಜಿನ ಮೇಲೊಂದು ಹಳೆಯ ಕೊರಳಪಟ್ಟಿ ಇಟ್ಟು
ದೀಪ ಹಾಕಿದೆ, ಆರಿಸಿದೆ, ಹಾಕಿದೆ.
ಆರಿದಾಗ ಟಿಕ್. ಹಾಕಿದಾಗ ಜೀರ್.
ಬೆಳಗಿನ ತನಕ ಮತ್ತೆ ಮತ್ತೆ ಅದೇ,
ಒಂದು ಸಲವಾದರೂ ತಪ್ಪಾಗಲಿ ಅಂತ.
ಆ ಫೋಟೋ ಇನ್ನೂ ಫೋನಿನಲ್ಲಿದೆ.

ಅದಕ್ಕೇ, ಬೆಳಕು ಎಡಗಂಬಕ್ಕೆ, ಕಿವಿ ಬಲಗಂಬಕ್ಕೆ.
ನಡುವೆ ಇಡೀ ಗಾಜಿನ ಅಗಲ ಇರಲಿ.
ಎಲ್ಲಾದರೂ ಎದುರಾದರೆ ನೆಟ್ಟಗೆ ಅಡ್ಡ ಹಾಯಲಿ,
ಜೊತೆಜೊತೆಗೆ ನಡೆಯುವುದು ಬೇಡ.
ಒಳಗೆ ನುಗ್ಗುವ ಮುಂಚೆ ಒಂದು ಜೋಲು ಬಿಡು,
ತಂತಿ ಹಿಡಿದು ಬಂದ ನೀರು ಅಲ್ಲೇ ತೊಟ್ಟಿಕ್ಕಲಿ.

ಸಂಜೆ ಕವೆತೂನ ಬರುತ್ತಾನೆ.
ಎರಡೂ ಕಡೆ ಯಾಕೆ ಬಿಚ್ಚಿದಿರಿ,
ಕೂಲಿ ಹೆಚ್ಚಿಸಲಿಕ್ಕಾ ಅಂತ ನಗುತ್ತಾನೆ.
ಆಗ ನೀನು ಪಾನಾ ಒರೆಸುವ ನೆಪದಲ್ಲಿ ಹಿತ್ತಲಿಗೆ ಹೋಗಬೇಡ.
ಇಲ್ಲೇ ನಿಂತಿರು, ನಾನು ಹೇಳಿ ಮುಗಿಸುವ ತನಕ.

ತಾ, ಆ ಪಟ್ಟಿ ಕೊಡು.
ಅಷ್ಟು ಬಿಗಿಯಬೇಡ.