ಕರಡು

ಮೂವತ್ತೊಂದು ವರ್ಷ ಗದಗಿನ ಛಾಪಖಾನೆಯೊಳಗ
ಕರಡು ತಿದ್ದಿದಾಕಿ ನಾನು.
ಪಂಚಾಂಗ, ಲಗ್ನಪತ್ರಿಕಿ, ಸೊಸೈಟಿಯ ವಾರ್ಷಿಕ ವರದಿ,
ಎಲ್ಲಾದ್ರೊಳಗೂ ಮೊದಲು ಕಾಣತಿದ್ದದ್ದು ತಪ್ಪು.
ಒಂದು ಒತ್ತು ಬಿಟ್ಟರೂ
ಅನ್ನದಾಗ ಹರಳು ಸಿಕ್ಕಂಗ ಹಲ್ಲು ಜುಮ್ಮ ಅಂತಿತ್ತು.

ನಿವೃತ್ತಿಯಾದ ಮರುವಾರ
ಬೆಟಗೇರಿಯ ಹಿತ್ತಲಕ್ಕ ಇಳದೆ,
ಕೈಯಾಗ ಕುರ್ಚಿಗಿ.
ನೂಲು ಹಿಡದು ಮಡಿ ಮಾಡಿದೆ,
ಒಂದು ಗೆರಿ ಮೆಂತ್ಯ, ಒಂದು ಗೆರಿ ರಾಜಗಿರಿ,
ಸುತ್ತಲೂ ಗೇಣು ಖಾಲಿ, ಪುಟದ ಅಂಚಿನಂಗ.
ನಮ್ಮ ಕಡೆ ಒಣಹುಲ್ಲಿಗೂ ಕರಡ ಅಂತಾರ.
ಕರೀದ ಬಂದದ್ದನ್ನೆಲ್ಲ ಕಿತ್ತು ಒಗದೆ.

"ಅಯ್ಯ, ಏನ ಕೀಳಾಕತ್ತೀರಿ ಅಕ್ಕಾರ?"
ಗ್ವಾಡಿ ಆಚೆ ಜೈತುನಬಿ,
ಮಗ್ಗದಿಂದ ಎದ್ದು ಬಂದಾಕಿ, ಸೆರಗಿನ ಮ್ಯಾಲೆ ನೂಲಿನ ಎಳಿ.
"ಕಸ ಅಲ್ರೀ ಅದು, ಗೋಳಿಪಲ್ಲೆ.
ಬ್ಯಾಳಿಯೊಳಗ ಹಾಕಿ ನೋಡ್ರಿ, ಆಮ್ಯಾಲೆ ಕೀಳ್ರಿ."
ಹಾಕಿದೆ. ಹುಳಿ ಹುಳಿ, ಮೆತ್ತಗ. ಇನ್ನೊಂದು ರೊಟ್ಟಿ ಹೆಚ್ಚಿಗಿ ಹೋತು.
ಮೆಂತ್ಯ ಮಾತ್ರ ಆ ವರ್ಷ ಏಳಲೇ ಇಲ್ಲ.
ದಿನಾ ಮಣ್ಣು ಕೆದರಿ
ಮೊಳಕಿ ಬಂತೇನು ಅಂತ ನೋಡತಿದ್ದೆ ನಾನು,
ಎರಡನೇ ಕರಡು, ಮೂರನೇ ಕರಡು.

ಇದು ಎರಿ ಮಣ್ಣು.
ನೀರು ಕುಡದರ ಚಪ್ಪಲಿ ಕಸಗೋತೈತಿ,
ಒಣಗಿದರ ಬಿರದು ಬೆರಳು ನುಂಗತೈತಿ.
ಹದಿನೈದು ದಿನಕ್ಕೊಮ್ಮೆ ನಳ ಬರೂ ಓಣಿಯೊಳಗ
ಅಕ್ಕಿ ತೊಳದ ನೀರು ಕರಿಬೇವಿಗೆ,
ಮುಖ ತೊಳದದ್ದು ದುಂಡುಮಲ್ಲಿಗಿಗೆ.
ಮೋರಿ ಹತ್ತಿರ ತಾನ ಹುಟ್ಟಿದ ಕುಂಬಳಬಳ್ಳಿ
ನಾನು ಕಟ್ಟಿದ ಹಂದರ ಬಿಟ್ಟು
ಜೈತುನಬಿಯ ತಗಡಿನ ಮ್ಯಾಲೆ ಹೋಗಿ ಕಾಯಿ ಬಿಟ್ಟಿತು.
ಯಾರದು ಅಂತ ಇಬ್ಬರೂ ಕೇಳಲಿಲ್ಲ.

ಹೇಳಬಾರದಂತ ಇದ್ದೆ, ಹೇಳತೀನಿ.
ತಂಗಿ ನಿಂಬವ್ವ, ಬ್ಯಾಡಗಿಗೆ ಕೊಟ್ಟ ಹೊಸತರಾಗ
ಒಂದು ಕಾಗದ ಬರದಿದ್ದಳು, ನಾಕು ಪುಟ.
ಮೂರನೇತ್ತಕ್ಕ ಸಾಲಿ ಬಿಟ್ಟಾಕಿ.
ಕೆಂಪು ಶಾಯಿಯೊಳಗ ತಿದ್ದಿ ತಿರುಗಿ ಕಳಿಸಿದೆ.
ಚ್ಯಾಷ್ಟಿಗೆ. ಚ್ಯಾಷ್ಟಿ ಅಂತಲೇ ಅನಕೊಂಡಿದ್ದೆ.
ಐವತ್ತೆರಡು ತಪ್ಪು, ಎಣಿಸಿ ಕೆಳಗ ಬರದಿದ್ದೆ.
ಕಾಗದದಾಗ ಏನಿತ್ತು ಅನ್ನೂದು ಈಗ ನೆನಪಿಲ್ಲ.
ಆಮ್ಯಾಲೆ ಫೋನು, ಹಬ್ಬಕ್ಕ ಬರೂದು ಹೋಗೂದು, ಎಲ್ಲಾ ಆತು.
ಕಾಗದ ಬರಲಿಲ್ಲ.

ಹೋದ ರೋಹಿಣಿ ಮಳಿಗೆ ಆಕಿ ಕಡೆಯಿಂದ
ಒಂದು ಪುಡಿಕಿ ಬಂತು, ಕ್ಯಾಲೆಂಡರಿನ ಹರಕು ಹಾಳಿ,
ಮ್ಯಾಲೆ ಪೆನ್ಸಿಲ್ಲಿನಾಗ: "ಮೆಣಶಿನ ಬಿಜ. ಅಕ್ಕಗ".
ಸುಳ್ಳು ಯಾಕ, ಕೈ ಒಮ್ಮೆ ಪೆನ್ನು ಹುಡುಕಿತು.

ಬಿತ್ತಿದೆ. ಕೆದರಲಿಲ್ಲ.
ಹನ್ನೊಂದನೇ ದಿನ ಎದ್ದುವು,
ಗೆರಿ ಬಿಟ್ಟು, ಸೊಟ್ಟಗ, ಒಂದು ಇಲ್ಲಿ ಮೂರು ಅಲ್ಲಿ,
ಆಕಿ ಅಕ್ಷರದಂಗ.
ಹಂಗೇ ಬಿಟ್ಟೀನಿ.

ನಾಕು ಪುಟ ಬರೀಬೇಕಂತ ಮಾಡೀನಿ, ಕಾಯಿ ಕೆಂಪಾಗಲಿ.
ಈಗಿನ್ನೂ ಹಸರು.
ಜೈತುನಬಿ ಒಂದು ಹರದು ಕಡದು ನೋಡಿದ್ಲು:
"ಖಾರ ಭಾಳಿಲ್ರೀ ಅಕ್ಕಾರ.
ಬಣ್ಣಕ್ಕ ಕಾಯಬೇಕು."