ಕದಿರಿನ ಕಿವಿ

ಅಂಗಡಿಯ ಹುಡುಗ ತಿರುಗಿಸಿ ಕೂಡ ನೋಡಲಿಲ್ಲ.
"ಹನ್ನೊಂದು ವರ್ಷವೇ, ದೋನಾ ದಿಯೊಲಿಂಡಾ?
ಹೊಸದು ಕೊಳ್ಳಿ" ಅಂದ,
ಗಾಜಿನ ಪೆಟ್ಟಿಗೆಯನ್ನು ಗದ್ದದಿಂದ ತೋರಿಸಿ.
ಅವನಿಗೆ ಹನ್ನೊಂದು ವರ್ಷವೆಂದರೆ ಅರ್ಧ ಆಯುಸ್ಸು.
ನನ್ನ ಅಡುಗೆಮನೆಯಲ್ಲಿ ಅಷ್ಟು ಎಳೆಯದು
ಈ ಲ್ಯಾಪ್‌ಟಾಪ್ ಒಂದೇ.

ಮೂವತ್ತೊಂದು ವರ್ಷ ಕೊವಿಲ್ಯಾದ ಉಣ್ಣೆ ಗಿರಣಿಯಲ್ಲಿ
ನಾಲ್ಕುನೂರು ಕದಿರುಗಳ ನಡುವೆ ನಿಂತವಳು ನಾನು.
ಸದ್ದಿನೊಳಗಿಂದ ಸದ್ದು ಹೆಕ್ಕುವುದು ಗೊತ್ತು,
ಕಾಳಿನಲ್ಲಿ ಕಲ್ಲು ಆರಿಸಿದ ಹಾಗೆ.
ಎಳೆ ಕಡಿದದ್ದು ಒಂದು ಸದ್ದು,
ಹಲ್ಲು ಸವೆದದ್ದು ಇನ್ನೊಂದು;
ಎಣ್ಣೆ ಬೇಡುವ ಕದಿರು ಮಾತ್ರ
ಮೊದಲು ಗೊಣಗುತ್ತದೆ, ಆಮೇಲೆ ಹಾಡುತ್ತದೆ,
ಕೊನೆಗೆ ಕಿರುಚುತ್ತದೆ.
ನನ್ನ ಫ್ಯಾನು ಹಾಡುವುದನ್ನೂ ದಾಟಿತ್ತು.

ರಾತ್ರಿ ಹೊತ್ತು ನಾನು ಕೂರುವುದು
ಮುಚ್ಚಿದ ಗಿರಣಿಯ ಬಣ್ಣಗಾರರ ಪುಸ್ತಕಗಳ ಮುಂದೆ.
ಇಷ್ಟು ಕೆಂಪಿಗೆ ಇಷ್ಟು ಹುಳಿ, ಇಷ್ಟು ಕುದಿ;
ಅಂಚಿನಲ್ಲಿ ಯಾರದೋ ಪೆನ್ಸಿಲ್ಲು:
ಮಾರ್ಚ್ ತಿಂಗಳ ನೀರನ್ನು ನಂಬಬೇಡ.
ಯಾರೂ ಕೇಳದಿದ್ದರೂ ಟೈಪು ಮಾಡುತ್ತೇನೆ.
ಅರವತ್ತೆಂಟನೆಯ ಪುಸ್ತಕದ ಕಂದು ಬಣ್ಣಗಳಿಗೆ ಬಂದಾಗ
ಕೆಳಮನೆಯ ಬಾಲ್ತಜಾರ್, ಪೊರಕೆಯ ಹಿಡಿಯಿಂದ,
ತನ್ನ ಸೂರಿಗೆ, ಅಂದರೆ ನನ್ನ ನೆಲಕ್ಕೆ,
ಮೂರು ಸಲ ಗುದ್ದಿದ.
ಸೆಪ್ಟೆಂಬರಿನಿಂದ ಇದೇ ನಮ್ಮಿಬ್ಬರ ಸಂಭಾಷಣೆ.

ಭಾನುವಾರ. ಮೇಜಿಗೆ ದಿಂಬಿನ ಚೀಲ ಹಾಸಿ
ಬೋರಲು ಮಲಗಿಸಿದೆ.
ಮೊಟ್ಟೆ ಟ್ರೇಯ ಗುಳಿಗೊಂದು ಸ್ಕ್ರೂ:
ಉದ್ದದ್ದು ಕೀಲಿನ ಬಳಿಯದು, ಗಿಡ್ಡದ್ದು ನಡುವಿನದು.
ಒಂದು ಬರಲೊಲ್ಲದು, ತಲೆ ಸವೆದುಹೋಗಿದೆ.
ರಬ್ಬರ್ ಬ್ಯಾಂಡ್ ಇಟ್ಟು ಒತ್ತಿ ತಿರುಗಿಸಿದೆ;
ಬೈದೆ, ಅಮ್ಮ ಇದ್ದಿದ್ದರೆ ಶಿಲುಬೆ ಗುರುತು ಹಾಕಿಕೊಳ್ಳುವಂಥ ಬೈಗುಳ;
ಬಂತು.
ಬ್ಯಾಂಕಿನ ಹಳೆಯ ಕಾರ್ಡನ್ನು ಅಂಚಿಗೆ ತೂರಿಸಿ ಸರಿಸಿದರೆ
ಟಕ್, ಟಕ್, ಟಕ್, ಪಟ್.
ಕೊನೆಯದು ಕೊಕ್ಕೆ ಮುರಿದದ್ದು. ಇರಲಿ.
ನನಗೂ ಎರಡು ಹಲ್ಲಿಲ್ಲ, ಬಾಯಿ ಮುಚ್ಚುತ್ತದೆ.

ಅಂಗೈಯಲ್ಲಿ ಫ್ಯಾನು, ಬಿಸ್ಕತ್ತಿನಷ್ಟು.
ಇಷ್ಟಕ್ಕೇ ಅಷ್ಟು ರಂಪವೇ!
ಗಾಳಿ ಹೊರಡುವ ಬಾಯಿಗೆ
ಹನ್ನೊಂದು ಚಳಿಗಾಲದ ಧೂಳು ಒತ್ತಿ ಒತ್ತಿ ಕಂಬಳಿಯಾಗಿತ್ತು;
ಚಿಮಟಕ್ಕೆ ಇಡಿಯಾಗಿ ಬಂತು.
ನಡುವಿನ ಚೀಟಿ ಎಬ್ಬಿಸಿದೆ. ಅದರಡಿ ಅಚ್ಚಿನ ಗುಳಿ,
ಒಣಗಿ ಕಪ್ಪಾದದ್ದು.
ಹೊಲಿಗೆಯಂತ್ರದ ಎಣ್ಣೆ, ಸೂಜಿಯ ತುದಿಯಲ್ಲಿ, ಒಂದೇ ಹನಿ.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವರನ್ನು ಬಲ್ಲೆ,
ಗಿರಣಿಯ ಮಾಲೀಕರಿದ್ದರಲ್ಲ.
ನಾನು ಕನ್ನಡಕದ ಮೇಲೆ ಇನ್ನೊಂದು ಕನ್ನಡಕವೇರಿಸಿ
ಹನಿ ಇಳಿಯುವವರೆಗೂ ನೋಡಿದೆ.

ಎಲ್ಲ ಜೋಡಿಸಿ ಗುಂಡಿ ಒತ್ತಿದೆ.
ಬೆಳಕು ಬಂತು. ಸದ್ದು ಬರಲಿಲ್ಲ.
ಕೊಂದೆನೇ ಎಂದು ಕೆನ್ನೆ ಒಯ್ದೆ ಪಕ್ಕಕ್ಕೆ:
ಬೆಚ್ಚನೆ ಗಾಳಿ,
ಬ್ರೆಡ್ಡಿನ ಒಲೆಯ ಬಾಗಿಲ ಸಂದಿಯದರಂತೆ.
ಕಂದು ಮುಗಿಸಿ ಬೂದು ಬಣ್ಣಗಳಿಗೆ ಬಂದೆ.
ಆಗ ಒಂದೊಂದೇ ಕೇಳಿಸತೊಡಗಿತು:
ನಲ್ಲಿಯ ತೊಟ್ಟು, ಎಸ್ಟ್ರೆಲಾ ಬೆಟ್ಟದಿಂದಿಳಿಯುವ ಗಾಳಿ,
ನನ್ನದೇ ಮೊಣಕಾಲು.

ಹತ್ತೂವರೆಗೆ ಬಾಗಿಲು ಬಡಿಯಿತು. ಬಾಲ್ತಜಾರ್,
ಚಪ್ಪಲಿ ಅದಲುಬದಲು,
ಪೊರಕೆಯಿಲ್ಲದೆ ಏನು ಮಾಡಬೇಕೆಂದು ತಿಳಿಯದ ಕೈ.
"ಸದ್ದಿರಲಿಲ್ಲ" ಅಂದ. "ಅದಕ್ಕೇ."
ಕೂರಿಸಿದೆ. ಲ್ಯಾಪ್‌ಟಾಪಿಗೆ ಕಿವಿಯಿಟ್ಟ, ತಲೆದೂಗಿದ.
"ನಮ್ಮ ಫ್ರಿಜ್ಜು ಕೂಡ..." ಎಂದು ಶುರುಮಾಡಿ
ನಿಲ್ಲಿಸಿದ.

ಆ ಬೂದು ಕಂಬಳಿಯನ್ನು ನಾನಿನ್ನೂ ಎಸೆದಿರಲಿಲ್ಲ.
ಮಾತಿನ ನಡುವೆ ಹೆಬ್ಬೆರಳು ತೋರುಬೆರಳು
ತಾವಾಗಿಯೇ ಹೊಸೆಯತೊಡಗಿದವು;
ಎರಡಂಗುಲ ನೂಲು ಬಂತು.
ಬಾಲ್ತಜಾರ್ ಇನ್ನೊಂದು ತುದಿ ಹಿಡಿದು
ದೀಪಕ್ಕೆ ಒಡ್ಡಿ, ಮೆಲ್ಲಗೆ ಎಳೆದು ನೋಡಿದ.
"ಕಳಪೆ ಮಾಲು" ಅಂದ.