ತೂಕಕ್ಕೆ ಸೇರದ ಹಿಡಿ

ಇಮೊಕಲಿಯ ಬಯಲಲ್ಲಿ ಸೊಂಟದೆತ್ತರದ ತಾಳೆ,
ದೇಟಿಗೆಲ್ಲ ಗರಗಸದ ಹಲ್ಲು.
ಕೋಲಿಂದ ಪೊದೆ ಬಡಿದು, ಕಿವಿಗೊಟ್ಟು,
ಹಾವಿಲ್ಲವೆಂದಾದ ಮೇಲೆ
ಕೈ ತೂರಿಸುತ್ತಾಳೆ ಪೆಟ್ರೋನ.

ಕಪ್ಪು ಹಣ್ಣು. ಮುಗ್ಗಿದ ಬೆಣ್ಣೆಯ ನಾತ.
ಚೀಲ ತೂಗಿ ಚಿಲ್ಲರೆ ಎಣಿಸುತ್ತಾರೆ.
ಮುಂದೆ ಗುಳಿಗೆಯಾಗುತ್ತದಂತೆ,
ಯಾವುದೋ ಊರಿನ ಮುದುಕರ
ಉಚ್ಚೆ ಕಟ್ಟಿದ ರಾತ್ರಿಗಳಿಗೆ.

ಮನೆಯಲ್ಲೂ ಒಬ್ಬನಿದ್ದಾನೆ:
ಮಾವ ಗಾಸ್ಪರ್,
ನಾಲ್ಕು ಸಲ ಎದ್ದು ಗೋಡೆ ಹಿಡಿದು ನಿಲ್ಲುವವನು.

"ನಮ್ಮಜ್ಜಿ ಹಸಿಯಾಗೇ ತಿನ್ನಿಸೋಳು, ಕೆಮ್ಮಿಗೂ"
ಅಂದಿದ್ದಳು ರಸ್ತೆಬದಿಯ ಸೆಮಿನೋಲ್ ಮುದುಕಿ,
ಮಣಿ ಪೋಣಿಸುತ್ತ, ತಲೆಯೆತ್ತದೆ.

ಇವತ್ತು ತಕ್ಕಡಿಗೆ ಮುಂಚೆ
ಒಂದು ಹಿಡಿ ಜೇಬಿಗಿಳಿಯಿತು.
ಕುದಿಸಿದ್ದಾಯಿತು. ಮಾವ ಮೂಗು ಮುಚ್ಚಿ ಕುಡಿದ,
ಅವಳ ತವರನ್ನೆಲ್ಲ ಬೈದ.

ಈಗ ಕತ್ತಲು.
ಬಾಗಿಲ ಸದ್ದು ಎಣಿಸುತ್ತಿದ್ದಾಳೆ.
ಎರಡು.